ಎರಡ ಸಲ ಔಷಧ ಹಚ್ಚಿದ್ರೂ ಮನಿ ಮಂದಿಗೆಲ್ಲಾ ತಿಂಡಿ (ತುರಿಕಿ) ಬಿಡವಲ್ದು, ಗೊತ್ತಿದ್ದಾವ್ರು ಹೇಳ್ರಿ

ಮುಧೋಳದ ಸೊಸಿ
ನಮಸ್ಕಾರ್ರಿ ಎಲ್ಲಾರಿಗೂ. ಬರೀಲೋ ಬ್ಯಾಡೋ ಅಂತ ನಾಕೈದ ದಿನ ಹಿಂದ ಮುಂದ ನೋಡಿದೆ, ಯಾಕಂದ್ರ ನಮ್ಮ ಓಣ್ಯಾಗ ಯಾರಿಗೂ ಗೊತ್ತಿಲ್ಲ, ತವರಮನಿಗೂ ಹೇಳಿಲ್ಲ. ದೊಡ್ಡ ಹುಡುಗ ಹಾಸ್ಟೆಲ್‌ನ್ಯಾಗ ಇದ್ದು ಎಂಟನೇ ಇಯತ್ತೆ ಓದತಾನ್ರಿ, ದೀಪಾವಳಿ ಸೂಟಿಗೆ ಬಂದಾಗ ಬಳ್ಳ (ಬೆರಳ) ಸಂದ್ಯಾಗ ಸಣ್ಣ ಸಣ್ಣ ಗುಳ್ಳಿ ಇದ್ದುವು, ರಾತ್ರಿ ಆತಂದ್ರ ಪರಪರ ಕೆರಕೊಳ್ಳಾವ. ಹಾಸ್ಟೆಲ್ ನೀರಿಗೆ ಆಗಿರಬೇಕು ಅಂತ ಸುಮ್ನಾದ್ವಿ. ಒಂದ ತಿಂಗಳ ಆದ ಮ್ಯಾಲ ನನಗ ಟೊಂಕದ ಸುತ್ತ, ಮಣಿಕಟ್ಟಿಗೆ ಸುರು ಆತು, ಆಮ್ಯಾಲ ಇವರಿಗೆ, ಆಮ್ಯಾಲ ನಾಕ ವರ್ಷದ ಮಗಳಿಗೆ. ಹಗಲೊತ್ತು ಅಷ್ಟ ಇರೂದಿಲ್ರಿ, ಹಾಸಿಗ್ಯಾಗ ಹೊದ್ದ ಮಲಗಿದ್ವಿ ಅಂದ್ರ ಸಾಕು, ಮೈ ಮ್ಯಾಲ ಏನೋ ಹರದಾಡಿದಂಗ. ಮಗಳು ನಿದ್ದಿಗಣ್ಣಾಗ ರಕ್ತ ಬರೋ ಹಂಗ ಕೆರಕೊಂಡಿರತಾಳ.

ಮೊದಲ ಔಷಧ ಅಂಗಡ್ಯಾಗ ಕೇಳಿ ಒಂದು ಟ್ಯೂಬ್ ತಂದ್ವಿ, ಎರಡ ದಿನ ತಂಪಾತು, ಬಿಟ್ಟ ಕೂಡ್ಲೆ ಮೊದಲಿಗಿಂತ ಜಾಸ್ತಿ. ಆಮ್ಯಾಲ ದವಾಖಾನಿಗೆ ಹೋದ್ವಿ, ಇದು ಹುರುಕು, ಹುಳದಿಂದ ಬರತೈತಿ ಅಂತ ಹೇಳಿ ಪರ್ಮೆಥ್ರಿನ್ ಅನ್ನೋ ಮುಲಾಮ ಬರಕೊಟ್ರು. ಹಚ್ಚಿದ್ವಿ, ಕಡಿಮಿ ಆತು, ಮೂರ ವಾರಕ್ಕ ಮತ್ತ ಸುರು. ಮತ್ತ ಹಚ್ಚಿದ್ವಿ, ಮತ್ತ ಅದ ಕಥಿ. ಸಂಕ್ರಾಂತಿಗೆ ಮೈದುನನ ಮನ್ಯಾರು ಬರಾವ್ರು ಇದ್ರು, ಏನೇನೋ ನೆವ ಹೇಳಿ ಬ್ಯಾಡ ಅಂದೆ. ಮನಸಿಗೆ ಬಾಳ ಹತ್ತೇತ್ರಿ.

ಗೋಕಾಕ ಕರದಂಟು
ಅಕ್ಕಾರ, ಮನಸಿಗೆ ಹಚಗೋಬ್ಯಾಡ್ರಿ, ನಮ್ಮ ಮನ್ಯಾಗೂ ಹೋದ ವರ್ಷ ಇದ ಆಗಿತ್ತು. ನಮ್ಮ ಅವ್ವ ಹೇಳೂದು ರಕ್ತ ಕೆಟ್ಟಿರತೈತಿ ಅಂತ. ಬದನಿಕಾಯಿ, ಶೇಂಗಾ, ಒಣಮೀನ ಬಿಡ್ರಿ, ನಂಜಿನ ಪದಾರ್ಥ ಎಲ್ಲಾ ಬಂದ್ ಮಾಡ್ರಿ. ಬೇವಿನ ತಪ್ಪಲಾ ಕುದಿಸಿ ಜಳಕ ಮಾಡಸ್ರಿ.

ಚರ್ಮದ ಓಪಿಡಿ ಬೆಳಗಾವಿ
ಬೇವಿನ ನೀರಿನ ಜಳಕದಿಂದ ಕೆಡಕಿಲ್ಲ, ಆದ್ರ ಹುಳ ಅದರಿಂದ ಹೋಗೂದಿಲ್ಲ. ಬದನಿಕಾಯಿ ಬಿಡೂದರಿಂದಂತೂ ಏನೂ ಆಗೂದಿಲ್ಲ ಅಣ್ಣಾರ, ಆ ಸಣ್ಣ ಹುಡುಗಿಗೆ ಶೇಂಗಾ ಬಿಡಿಸಿ ಯಾಕ ಸೊರಗಿಸಬೇಕು. ರಕ್ತ ಕೆಟ್ಟು ಬರತೈತಿ ಅನ್ನೂದು ನಮ್ಮ ಕಡೆ ಅಷ್ಟ ಅಲ್ಲ, ಯುರೋಪಿನಾಗೂ ನೂರಾರು ವರ್ಷ ಹಂಗ ನಂಬಿದ್ರು. 1687ರಾಗ ಇಟಲಿಯ ಬೊನೊಮೊ ಅನ್ನೋ ವೈದ್ಯ, ಚೆಸ್ಟೋನಿ ಅನ್ನೋ ಔಷಧಿಕಾರನ ಕೂಡ ಸೇರಿ ಮಸೂರದಾಗ ನೋಡಿ, ಇದಕ್ಕ ಕಾರಣ ಒಂದು ಸಣ್ಣ ಹುಳ ಅಂತ ಬರದಿಟ್ಟ.

ಆ ಹುಳದ ಹೆಸರು ಸಾರ್ಕಾಪ್ಟಿಸ್. ಹೆಣ್ಣ ಹುಳ ಅರ್ಧ ಮಿಲಿಮೀಟರ್‌ಗಿಂತ ಸಣ್ಣದು, ಬರೀಗಣ್ಣಿಗೆ ಕಾಣೂದಿಲ್ಲ ಅಂದ್ರೂ ನಡಿತೈತಿ. ಚರ್ಮದ ಮ್ಯಾಲಿನ ಪದರಿನಾಗ ಸುರಂಗ ಕೊರಕೊಂತ ದಿನಾ ಎರಡ ಮೂರ ತತ್ತಿ ಇಡತೈತಿ. ತತ್ತಿ ಮೂರ ನಾಕ ದಿನಕ್ಕ ಒಡಿತಾವ, ಮರಿ ಬೆಳದು ದೊಡ್ಡವಾಗಾಕ ಎರಡ ವಾರದ ಹತ್ತರ ಬೇಕು. ಮೊದಲನೇ ಸಲ ಬಂದವರಿಗೆ ತಿಂಡಿ ಸುರು ಆಗಾಕ ನಾಕರಿಂದ ಆರ ವಾರ ಹಿಡಿತೈತಿ, ಯಾಕಂದ್ರ ತಿಂಡಿ ಹುಳ ಕಚ್ಚೂದರಿಂದಲ್ಲ, ಹುಳಕ್ಕ, ಅದರ ಹೇಲಿಗೆ ನಮ್ಮ ಮೈ ಒಗ್ಗದ ಅಲರ್ಜಿ ಆಗೂದರಿಂದ. ಅದಕ್ಕ ನಿಮಗ ಹುಡುಗ ಬಂದ ತಿಂಗಳ ಮ್ಯಾಲ ಗೊತ್ತಾತು. ಆ ತಿಂಗಳಿಡೀ ಹುಳ ನಿಮ್ಮ ಮೈ ಮ್ಯಾಲ ಇತ್ತು, ನೀವು ಮತ್ತೊಬ್ಬರಿಗೆ ಕೊಡಾಕೂ ಹತ್ತಿದ್ರಿ.

ಈಗ ನನಗ ಎರಡ ಪ್ರಶ್ನಿ. ಒಂದು, ಆ ಮೊದಲಿನ ಟ್ಯೂಬ್ ಯಾವದು? ಎರಡು, ಪರ್ಮೆಥ್ರಿನ್ ಹ್ಯಾಂಗ ಹಚ್ಚಿದ್ರಿ, ಎಷ್ಟ ಹಚ್ಚಿದ್ರಿ?

ಮುಧೋಳದ ಸೊಸಿ
ಟ್ಯೂಬ್ ಮುಗದ ಒಗದೇನ್ರಿ, ಡಬ್ಬಿ ಮ್ಯಾಲ ಕ್ಲೋಬೆಟಾಸಾಲ್ ಅಂತಿದ್ದದ್ದು ನೆನಪೈತಿ, ಅದರ ಮುಂದ ಇನ್ನೂ ಎರಡ ಹೆಸರು. ಪರ್ಮೆಥ್ರಿನ್ 30 ಗ್ರಾಮಿಂದು ಒಂದ ಟ್ಯೂಬ್ ತಂದು ನಾಕೂ ಮಂದಿ ಎಲ್ಲೆಲ್ಲಿ ತಿಂಡಿ ಐತೋ ಅಲ್ಲಲ್ಲಿ ಹಚ್ಚಿದ್ವಿ. ಎರಡನೇ ಸಲ ಎರಡ ಟ್ಯೂಬ್ ತಂದ್ವಿ.

ಜಮಖಂಡಿ ಔಷಧ ಅಂಗಡಿ
ಇದನ್ನ ಓದಿ ಸುಮ್ನ ಕುಂಡ್ರಾಕ ಆಗಲಿಲ್ರಿ. ಹದಿನೆಂಟ ವರ್ಷದಿಂದ ಅಂಗಡಿ ನಡಸಾಕತ್ತೇನಿ. ಮಂದಿ ಬಂದು "ತಿಂಡಿದು ಟ್ಯೂಬ್ ಕೊಡ್ರಿ" ಅಂತಾರ, ಹೆಸರೂ ಹೇಳೂದಿಲ್ಲ, ಮೈ ತೋರಸೂದಿಲ್ಲ. ಮೂರು ಕೂಡಿಸಿದ ಟ್ಯೂಬ್ ಬರತಾವು, ಸ್ಟಿರಾಯ್ಡ್ (ನಿಮ್ಮ ಕ್ಲೋಬೆಟಾಸಾಲ್ ಅಂದ್ರ ಅದ), ಗಜಕರ್ಣದ ಔಷಧ, ಕೀವಿನ ಔಷಧ, ಮೂರೂ ಒಂದರಾಗ. ಸ್ಟಿರಾಯ್ಡ್ ಇರೂದರಿಂದ ಎರಡ ದಿನಕ್ಕ ಕೆಂಪು ಹೋಗತೈತಿ, ತಿಂಡಿ ನಿಂದರತೈತಿ, ಗಿರಾಕಿ ಖುಷಿ ಆಗಿ ಮತ್ತೊಂದ ಒಯ್ತಾನ. ಹುಳಕ್ಕ ಅದರಿಂದ ಏನೂ ಆಗೂದಿಲ್ಲ, ಉಲ್ಟಾ ಆರಾಮ ಬೆಳಿತೈತಿ. ಆಮ್ಯಾಲ ಡಾಕ್ಟರ್ ಕಡೆ ಹೋದ್ರ ಗುಳ್ಳಿ ರೂಪಾನ ಬದಲಾಗಿ ಅವರಿಗೂ ಗುರ್ತಾ ಹತ್ತೂದಿಲ್ಲ. ನಾನೂ ಮೊದಮೊದಲ ಹಂಗ ಕೊಟ್ಟೇನಿ, ಈಗ ಚೀಟಿ ಇಲ್ಲಂದ್ರ ಕೊಡೂದಿಲ್ಲ.

ಇನ್ನ ಪರ್ಮೆಥ್ರಿನ್ ಲೆಕ್ಕ ಕೇಳ್ರಿ ತಂಗೆವ್ವ. ದೊಡ್ಡ ಮನಿಶ್ಯಾಗ ಒಂದ ಸಲಕ್ಕ ಸುಮಾರ 30 ಗ್ರಾಮ್ ಬೇಕು, ಅಂದ್ರ ಒಬ್ಬರಿಗೆ ಒಂದ ಟ್ಯೂಬ್. ನೀವು ನಾಕ ಮಂದ್ಯಾಗ ಒಂದ ಟ್ಯೂಬ್ ಹಂಚಿಕೊಂಡೀರಿ, ಅದಕ ಹುಳ ಪೂರ್ತಿ ಸಾಯಲಿಲ್ಲ.

ನರ್ಸ್ ಅಕ್ಕ ಸಿಂದಗಿ
ಹಚ್ಚೂದು ಹ್ಯಾಂಗ ಅಂತ ನಾ ಹೇಳ್ತೀನಿ, ದಿನಾ ಓಪಿಡ್ಯಾಗ ಇದನ್ನ ಹೇಳೂದ ನನ್ನ ಕೆಲಸ ಆಗ್ಯದ. ತಿಂಡಿ ಇದ್ದಲ್ಲಿ ಅಷ್ಟ ಹಚ್ಚೂದಲ್ಲವ್ವ, ಕುತ್ತಿಗಿಯಿಂದ ಅಂಗಾಲ ತನಕ ಒಂದ ಬಟ್ಟಿನಷ್ಟ ಜಾಗಾನೂ ಬಿಡಬಾರದು. ಬಳ್ಳ ಸಂದಿ, ಉಗರಿನ ಬುಡ, ಬಗಲ, ಹೊಕ್ಕಳ, ಎದಿ ಕೆಳಗ, ಟೊಂಕ, ಕುಂಡಿ, ತೊಡಿ ಸಂದಿ, ನಾಚಿಕಿ ಜಾಗಾಕೂ ಹಚ್ಚಬೇಕು, ಗಂಡಸರಿಗಂತೂ ಅಲ್ಲೇ ಹೆಚ್ಚ ಗುಳ್ಳಿ ಇರ್ತಾವ, ಹೇಳಾಕ ನಾಚತಾರ. ಬೆನ್ನಿಗೆ ಒಬ್ಬರಿಗೊಬ್ಬರು ಹಚ್ಚರಿ. ಸಣ್ಣ ಕೂಸು ಮತ್ತ ಬಾಳ ವಯಸ್ಸಾದವರಿಗೆ ತಲಿ, ಮಾರಿ, ಕಿವಿ ಹಿಂದನೂ ಹಚ್ಚಬೇಕು, ಕಣ್ಣು ಬಾಯಿ ಬಿಟ್ಟು. ಸಂಜೀಕ ಜಳಕ ಮಾಡಿ, ಮೈ ಪೂರ್ತಿ ಒಣಗಿ ತಂಪಾದ ಮ್ಯಾಲ ಹಚಗೊಂಡು ಮಲಗ್ರಿ, 8ರಿಂದ 14 ತಾಸು ಬಿಟ್ಟು ಮುಂಜಾನಿ ತೊಳಕೊಳ್ರಿ. ನಡುವ ಕೈ ತೊಳದ್ರ ಕೈಗೆ ಮತ್ತ ಹಚ್ಚಬೇಕು. ಇದನ್ನ ಮರೀತಾರ ನೋಡ್ರಿ, ರಾತ್ರಿ ಊಟಕ್ಕ ಕೈ ತೊಳದು ಹಂಗ ಮಲಗ್ತಾರ, ಹುಳ ಇರೂದ ಕೈಯಾಗ.

ಒಂದ ವಾರ ಬಿಟ್ಟು ಮತ್ತೊಮ್ಮಿ ಪೂರಾ ಇದನ್ನ ಮಾಡಬೇಕು, ತತ್ತಿ ಒಡದು ಬಂದ ಮರಿ ಸಾಯಬೇಕಲ್ಲ. ಆರಾಮ ಅದ ಅಂತ ಎರಡನೇದು ಬಿಡಬ್ಯಾಡ್ರಿ. ಮನಿ ಮಂದಿ ಎಲ್ಲಾರೂ ಒಂದ ರಾತ್ರಿ, ತಿಂಡಿ ಇದ್ದವರೂ ಇಲ್ಲದವರೂ. ಮನ್ಯಾಗ ಒಟ್ಟ ಎಷ್ಟ ಮಂದಿ ಇದ್ದೀರಿ?

ಮುಧೋಳದ ಸೊಸಿ
ಐದು ಮಂದ್ರಿ. ಔಷಧಕ್ಕಂತ ಹಾಸ್ಟೆಲ್‌ನಿಂದ ಕರಸಿದ ಹುಡುಗನ್ನ ಹಿಡದು ನಾವು ನಾಕು, ಮತ್ತ ಅತ್ತಿಯವರು. ಅವರಿಗೆ ತಿಂಡಿ ಇಲ್ರಿ, ಅದಕ್ಕ ಅವರಿಗೆ ಹಚ್ಚಿಲ್ಲ. ಎರಡ ವರ್ಷದ ಹಿಂದ ಲಕ್ವಾ ಹೊಡದೈತಿ, ಎಡಗಡೆ ಕೈ ಏಳೂದಿಲ್ಲ, ಸಕ್ಕರಿ ಬ್ಯಾನಿನೂ ಐತಿ. ಹಾಸಿಗ್ಯಾಗ ಇರತಾರ.

ನರ್ಸ್ ಅಕ್ಕ ಸಿಂದಗಿ
ಮಗಳು ರಾತ್ರಿ ಯಾರ ಕೂಡ ಮಲಗ್ತಾಳ?

ಮುಧೋಳದ ಸೊಸಿ
ಅಮ್ಮನ (ನಮ್ಮ ಅತ್ತಿಯವರ) ಕೂಡರಿ. ಹುಟ್ಟಿದಾಗಿಂದ ಅವರ ಕೌದ್ಯಾಗ ಮಲಗ್ತಾಳ.

ಚರ್ಮದ ಓಪಿಡಿ ಬೆಳಗಾವಿ
ಅಕ್ಕಾರ, ಈಗಿಂದೀಗ ಎದ್ದು ಹೋಗಿ ಅವರ ಕೈ ನೋಡ್ರಿ. ಮೊಬೈಲ್ ಬ್ಯಾಟ್ರಿ ಹಚ್ಚಿ, ಬಳ್ಳ ಬಿಡಿಸಿ ಬಿಡಿಸಿ. ಉಗರೂ ನೋಡ್ರಿ, ಅಂಗಾಲೂ ನೋಡ್ರಿ. ಏಳದ ಎಡಗೈನ ಮೊದಲ ನೋಡ್ರಿ.

ಕುರಿ ದೊಡ್ಡಿ ಅಥಣಿ
ಡಾಕ್ಟರ್ ಇದ್ದಾರ ಅಂತ ನಡುವ ಒಂದ ಮಾತ ಕೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕುರಿಗೋಳಿಗೆ ಕಜ್ಜಿ ಹತ್ತೇತಿ, ಮೈ ಮ್ಯಾಲಿನ ಉಣ್ಣೆ ಉದರಾಕತ್ತೇತಿ, ಹಿಡಿದು ಔಷಧ ಹಾಕಿದ ಮ್ಯಾಲ ನನ್ನ ಮುಂಗೈಗೆ, ಹೊಟ್ಟಿಗೆ ಗುಳ್ಳಿ ಎದ್ದಾವು. ಇದೂ ಅದ ಏನು? ಕುರಿಗೆ ಹಾಕೋ ಐವರ್ಮೆಕ್ಟಿನ್ ಅನ್ನೋ ಹುಳದ ಔಷಧದ ಇಂಜೆಕ್ಷನ್ ಬಾಟ್ಲಿ ಮನ್ಯಾಗ ಐತಿ, ನಮ್ಮ ಕಾಕಾ ಅದನ್ನ ಎರಡ ಹನಿ ಕುಡಿ ಅಂತಾನ.

ಚರ್ಮದ ಓಪಿಡಿ ಬೆಳಗಾವಿ
ಕುಡೀಬ್ಯಾಡ್ರಿ ಅಣ್ಣಾರ, ಕೈ ಮುಗದು ಹೇಳ್ತೇನಿ. ದನ ಕುರಿಗಳ ಬಾಟ್ಲ್ಯಾಗ ಒಂದ ಎಂ.ಎಲ್.ಗೆ 10 ಮಿಲಿಗ್ರಾಮ್ ಇರತೈತಿ, ಅದನ್ನ ಮನಿಶ್ಯಾರಿಗೆ ಅಂತ ಮಾಡಿಲ್ಲ. ಮನಿಶ್ಯಾರಿಗೆ ಗುಳಿಗಿ ಬ್ಯಾರೆ ಐತಿ, ಅದು ಮೈ ತೂಕದ ಮ್ಯಾಲ, ಕೆಜಿಗೆ 200 ಮೈಕ್ರೋಗ್ರಾಮ್ ಲೆಕ್ಕ. 60 ಕೆಜಿ ಇದ್ದವರಿಗೆ 12 ಮಿಲಿಗ್ರಾಮ್, ಊಟದ ಕೂಡ, ಒಂದೆರಡ ವಾರ ಬಿಟ್ಟು ಮತ್ತೊಮ್ಮಿ. 15 ಕೆಜಿಗಿಂತ ಕಡಿಮಿ ಇರೋ ಮಕ್ಕಳಿಗೆ, ಬಸರಿ ಹೆಣ್ಣಮಕ್ಕಳಿಗೆ ಕೊಡೂದಿಲ್ಲ.

ಕುರಿ, ನಾಯಿಯ ಕಜ್ಜಿ ಹುಳ ನಮ್ಮ ಮೈ ಮ್ಯಾಲ ಬಂದ್ರ ಕಡಿತೈತಿ, ಗುಳ್ಳಿ ಏಳಸತೈತಿ, ಆದ್ರ ನಮ್ಮ ಚರ್ಮದಾಗ ಸಂಸಾರ ಹೂಡಾಕ ಅದಕ್ಕ ಆಗೂದಿಲ್ಲ, ತಾನಾಗೇ ಸಾಯತೈತಿ. ಕುರಿ ಆರಾಮಾದ್ರ ನಿಮಗೂ ಎರಡ ಮೂರ ವಾರದಾಗ ಆರಾಮ. ಪಶುವೈದ್ಯರ ಕಡೆ ಕುರಿ ತೋರಸ್ರಿ. ಬಳ್ಳ ಸಂದ್ಯಾಗೂ ಎದ್ದು, ಮನ್ಯಾಗ ಕುರಿ ಮುಟ್ಟದವರಿಗೂ ಬಂತಂದ್ರ ಮಾತ್ರ ಅದು ಮನಿಶ್ಯಾರ ಹುರುಕು.

ಕಬ್ಬಿನ ಮುಕಾದಮ
ಕಬ್ಬ ಕಡಿಯೋ ಗ್ಯಾಂಗಿನ್ಯಾಗ ಮಂದಿ ಇನ್ನೂ ಕೆಟ್ಟದ್ದ ಮಾಡ್ತಾರ್ರಿ. ಹೊಲಕ್ಕ ಹೊಡಿಯೋ ಎಣ್ಣಿ ನೀರಾಗ ಕಲಸಿ ಮೈಗೆ ಒರಿಸಿಕೊಂಡಾವನ್ನ ನಾ ಕಣ್ಣಾರೆ ನೋಡೇನಿ. ಬಾಯಾಗ ನೊರಿ ಬಂದು, ಕಣ್ಣಗುಡ್ಡಿ ಸಣ್ಣಾಗಿ, ಟ್ರ್ಯಾಕ್ಟರ್‌ನ್ಯಾಗ ಹಾಕ್ಕೊಂಡು ಓಡಿದ್ವಿ, ಉಳದ ಪುಣ್ಯಾಕ. ಹೇನಿಗೂ ಅದ ಎಣ್ಣಿ ಹುಡುಗ್ಯಾರ ತಲಿಗೆ ಹಚ್ಚತಾರ. ಯಾರೂ ಹಂಗ ಮಾಡಬ್ಯಾಡ್ರಿ.

ನಮ್ಮದು ಫಡದ (ಕಬ್ಬಿನ ಹೊಲದ) ದಂಡಿಗೆ ತಾಡಪತ್ರಿ ಗುಡಿಸಲ, ಒಂದರಾಗ ಐದಾರ ಮಂದಿ, ನವಂಬರದಿಂದ ಚಳಿ, ಒಂದ ಹೊದಕ್ಯಾಗ ಮೂರ ಮಂದಿ ಮಲಗತಾರ. ಒಬ್ಬಗ ಬಂತಂದ್ರ ಗ್ಯಾಂಗಿಗೆಲ್ಲಾ. ಮುಲಾಮ ಹಚ್ಚಿ ಹನ್ನೆರಡ ತಾಸ ಬಿಡ್ರಿ, ಆಮ್ಯಾಲ ಜಳಕ ಮಾಡ್ರಿ ಅಂದ್ರ ನೀರೆಲ್ಲಿಂದ ತರೂದು, ಮುಂಜಾನಿ ನಾಕಕ್ಕ ಫಡಕ್ಕ ಇಳಿಬೇಕು. ಹೋದ ಹಂಗಾಮಿನ್ಯಾಗ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ್ ತಾವ ಬಂದು ಎಲ್ಲಾರ್ನೂ ತೂಕಾ ಮಾಡಿ ಒಂದ ದಿನ ಗುಳಿಗಿ ನುಂಗಿಸಿದ್ರು, ಸಣ್ಣ ಕೂಸಿಗೆ, ಬಸರಿ ಹೆಣ್ಣಮಗಳಿಗೆ ಮುಲಾಮ. ಹತ್ತ ದಿನಕ್ಕ ಮತ್ತ ಬಂದ್ರು. ಆವತ್ತಿನಿಂದ ಹಂಗಾಮ ಮುಗಿಯೋತನಕ ಮಂದಿ ಕಣ್ತುಂಬ ಮಲಗಿದ್ರು.

ಚರ್ಮದ ಓಪಿಡಿ ಬೆಳಗಾವಿ
ಆ ಪಿಎಚ್‌ಸಿ ಡಾಕ್ಟರ್ ಮಾಡಿದ್ದ ಸರಿ. ಫಿಜಿ ದ್ವೀಪಗಳಾಗ ಇದನ್ನ ದೊಡ್ಡದಾಗಿ ಪರೀಕ್ಷಾ ಮಾಡ್ಯಾರ, 2015ರಾಗ ಪ್ರಕಟ ಆತು. ಊರಿಗೂರಿಗೇ ಐವರ್ಮೆಕ್ಟಿನ್ ಕೊಟ್ಟ ಕಡೆ ನೂರಕ್ಕ 32 ಮಂದಿಗೆ ಇದ್ದ ಹುರುಕು ಒಂದ ವರ್ಷದಾಗ ನೂರಕ್ಕ ಎರಡಕ್ಕ ಬಂತು. ಬಂದವರಿಗೆ, ಅವರ ಮನ್ಯಾರಿಗೆ ಅಷ್ಟ ಮುಲಾಮ ಕೊಟ್ಟ ಕಡೆ ಅರ್ಧ ಅಷ್ಟ ಇಳೀತು. 2017ರಾಗ ವಿಶ್ವ ಆರೋಗ್ಯ ಸಂಸ್ಥೆ ಹುರುಕನ್ನ ಕಡೆಗಣಿಸಿದ ರೋಗಗಳ ಪಟ್ಟಿಗೆ ಸೇರಿಸೇತಿ.

ಇಂಡಿ ಲಿಂಬಿ ತ್ವಾಟ
ನಮ್ಮ ಅಜ್ಜ ಗಂಧಕ ಅರದು ಕೊಬ್ಬರಿ ಎಣ್ಣ್ಯಾಗ ಕಲಸಿ ಹಚ್ಚತಿದ್ದ, ಮೂರ ದಿನದಾಗ ಹೋಗ್ತಿತ್ತು ಅಂತ ಹೇಳ್ತಿದ್ದ. ಈಗಿನ ಡಾಕ್ಟರ್ ಅದನ್ನ ಒಪ್ಪೂದಿಲ್ಲ ಅನಸ್ತದ.

ನರ್ಸ್ ಅಕ್ಕ ಸಿಂದಗಿ
ಒಪ್ಪತಾರಪ್ಪ, ನಿಮ್ಮ ಅಜ್ಜನ ಮಾತು ಸುಳ್ಳಲ್ಲ. ಗಂಧಕದ ಮುಲಾಮು ಈಗೂ ಅದ, ಬಾಳ ಸಣ್ಣ ಕೂಸುಗಳಿಗೆ ಕೊಡೂದ ಅದನ್ನ. ಅಂಗಡ್ಯಾಗ ಸರಿ ಪ್ರಮಾಣದಾಗ ಮಾಡಿದ್ದು ಸಿಗ್ತದ, ಮನ್ಯಾಗ ಅಂದಾಜಿಲೆ ಕಲಸಬ್ಯಾಡ್ರಿ, ಜಾಸ್ತಿ ಆದ್ರ ಚರ್ಮ ಸುಡ್ತದ. ನಾತ ಬರ್ತದ, ಅರಬಿ (ಬಟ್ಟಿ) ಹಳದಿ ಆಗ್ತಾವ, ಅದಕ್ಕ ಮಂದಿ ಬಿಟ್ರು.

ಮುಧೋಳದ ಸೊಸಿ
ನೋಡಿದೆನ್ರಿ. ಕೈ ನಡಗಾಕತ್ತಾವು ಬರಿಯಾಕ. ಎಡಗೈ ಮುಷ್ಟಿ ಬಿಗಿ ಹಿಡದಂಗ ಇರತೈತಿ, ದಿನಾ ಮ್ಯಾಲಿಂದ ಮ್ಯಾಲ ಒರಸತಿದ್ದೆ, ಬಳ್ಳ ಬಿಡಿಸಿ ನೋಡಿದ್ದಿಲ್ಲ. ಇವತ್ತ ಬಿಸಿನೀರಾಗ ಇಟ್ಟು ಮೆಲ್ಲಕ ಬಿಡಿಸಿದೆ. ರೊಟ್ಟಿ ಬಡದ ಮ್ಯಾಲ ಕೈಗೆ ಹಿಟ್ಟು ಒಣಗಿ ಹತ್ತಿರತೈತಲ್ರಿ, ಥೇಟ್ ಹಂಗ, ಬೂದಿ ಬಣ್ಣದ ಹೊಕ್ಕು (ಹಕ್ಕಳೆ) ದಪ್ಪಾಗಿ ಕುಂತೈತಿ, ನಡುವ ಸೀಳ್ಯಾವು. ಅತ್ತಿಯವರು ರೊಟ್ಟಿ ಬಡದು ಎರಡ ವರ್ಷ ಆತು. ಉಗರ ಹಳದಿ ಆಗಿ ದಪ್ಪಾಗ್ಯಾವು, ಅಂಗಾಲೂ ಹಂಗ ಐತಿ. ತಿಂಡಿ ಆಗತೈತೇನ್ರಿ ಅಂದ್ರ ಇಲ್ಲವ್ವ ಅಂತಾರ. ಸಕ್ಕರಿ ಬ್ಯಾನಿಗೆ ಚರ್ಮ ಒಣಗೇತಿ ಅಂತ ನಾ ಕೊಬ್ಬರಿ ಎಣ್ಣಿ ಹಚ್ಚಕೊಂತ ಬಂದೇನಿ.

ಚರ್ಮದ ಓಪಿಡಿ ಬೆಳಗಾವಿ
ನಿಮ್ಮ ತಪ್ಪಲ್ಲ ಅಕ್ಕಾರ. ಇದನ್ನ ಹೊಕ್ಕುಗಟ್ಟಿದ ಹುರುಕು ಅನ್ನಬೌದು, ನಾವು ಕ್ರಸ್ಟೆಡ್ ಸ್ಕೇಬಿಸ್ ಅಂತೀವಿ. ಸಾದಾ ಹುರುಕಿನಾಗ ಒಬ್ಬರ ಮೈ ಮ್ಯಾಲ ಹತ್ತ ಹದಿನೈದ ಹುಳ ಇರತಾವು, ಇದರಾಗ ಸಾವಿರಗಟ್ಟಲೆ, ಕೆಲವೊಮ್ಮಿ ಲಕ್ಷಗಟ್ಟಲೆ. ಲಕ್ವಾ ಹೊಡದು ಕೆರಕೊಳ್ಳಾಕ ಆಗದವರಿಗೆ, ಮೈಯಾಗ ಶಕ್ತಿ ಕಡಿಮಿ ಆದವರಿಗೆ, ಸ್ಟಿರಾಯ್ಡ್ ತಗೊಳ್ಳಾವ್ರಿಗೆ ಬರತೈತಿ, ತಿಂಡಿನೂ ಇರೂದಿಲ್ಲ ಇಲ್ಲಾ ಬಾಳ ಕಡಿಮಿ. ಅದಕ್ಕ ಯಾರಿಗೂ ಸಂಶೇ ಬರೂದಿಲ್ಲ. ಆ ಉದರೋ ಹೊಕ್ಕಿನಾಗ ಹುಳ ತುಂಬಿರತಾವು. ನೀವು ನಾಕ ಮಂದಿ ಎಷ್ಟ ಸಲ ಹಚಗೊಂಡ್ರೂ ಮಗಳಿಗೆ ಅಮ್ಮನ ಕೌದಿಯಿಂದ ಮತ್ತ ಬರತೈತಿ, ಅಕಿಯಿಂದ ನಿಮಗ.

ಇದು ಫೋನಿನ್ಯಾಗ ಮುಗಿಯೂದಲ್ಲ, ನಾಳೆನ ಚರ್ಮದ ಡಾಕ್ಟರ್ ಕಡೆ ಕರಕೊಂಡ ಹೋಗ್ರಿ. ಗುಳಿಗಿ ಒಂದೆರಡ ಸಲ ಸಾಕಾಗೂದಿಲ್ಲ, 1, 2, 8, 9, 15ನೇ ದಿನ ಅಂತ ಐದ ಡೋಸ್ ಕೊಡತಾರ, ಕೂಡ ಮುಲಾಮ ಹಚ್ಚೂದು, ಹೊಕ್ಕು ಮೆತ್ತಗ ಮಾಡೂದಕ್ಕೂ ಒಂದು ಔಷಧ. ಅವರಿಗೆ ಔಷಧ ಸುರು ಮಾಡೋ ದಿನಾನ ನೀವೆಲ್ಲಾರೂ ಹಚಗೋಬೇಕು.

ಮುಧೋಳದ ಸೊಸಿ
(ಮೂರ ದಿನ ಬಿಟ್ಟು) ತೋರಿಸಿಕೊಂಡ ಬಂದ್ವಿ. ಬ್ಲೇಡಿನ್ಯಾಗ ಹೊಕ್ಕು ಕೆರದು ಕಾಜಿನ ಮ್ಯಾಲ ಇಟ್ಟು ಸೂಕ್ಷ್ಮದರ್ಶಕದಾಗ ಹಾಕಿದ್ರು, ನನಗೂ ತೋರಿಸಿದ್ರು. ದುಂಡಗ, ಎಂಟ ಕಾಲು, ಹೊರಳಾಡಾಕ ಹತ್ತಿದ್ದುವು, ಬಾಜೂಕ ಉದ್ದುದ್ದ ತತ್ತಿ. ನೀವಂದಂಗ ಐದ ಡೋಸ್ ಬರದಾರ. ನಿನ್ನಿ ರಾತ್ರಿ ಐದೂ ಮಂದಿ ಹಚಗೊಂಡ್ವಿ, ಅತ್ತಿಯವರ ಉಗರ ಕತ್ತರಿಸಿ ಅದರ ಕೆಳಗೂ ಹಳೇ ಬ್ರಷ್‌ನಿಂದ ಹಚ್ಚಿದೆ, ಬ್ರಷ್ ಒಗದೆ. ಈಗ ಕೌದಿದು ಚಿಂತಿ. ಅತ್ತಿಯವರ ಅವ್ವ ಕೈಯಾರೆ ಹೊಲಿದ ಕೌದಿ ಅದು, ಕುದಿಸಿದ್ರ ಹಳೇ ಸೀರಿ ತುಂಡೆಲ್ಲಾ ಬಿಚ್ಚಕೊಂಡ ಬರತಾವು. ಸುಟ್ಟ ಬಿಡ್ರಿ ಅಂತ ಇವರು ಅನ್ನಾಕತ್ತಾರ, ಅತ್ತಿಯವರು ಅಳಾಕತ್ತಾರ.

ನರ್ಸ್ ಅಕ್ಕ ಸಿಂದಗಿ
ಸುಡಬ್ಯಾಡ್ರಿ! ಮೈ ಬಿಟ್ಟ ಮ್ಯಾಲ ಹುಳ ಎರಡ ಮೂರ ದಿನಕ್ಕಿಂತ ಹೆಚ್ಚಿಗಿ ಬದುಕೂದಿಲ್ಲ. ದೊಡ್ಡ ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಬಿಗಿ ಕಟ್ಟಿ ಒಂದ ಮೂಲ್ಯಾಗ ಇಡ್ರಿ, ನಿಮ್ಮದು ಹೊಕ್ಕಿನ ಹುರುಕ ಇರೂದಕ್ಕ ಪೂರಾ ಒಂದ ವಾರ ಇಡ್ರಿ. ಆಮ್ಯಾಲ ಝಾಡಿಸಿ ಮಾಳಗಿ ಮ್ಯಾಲ ಬಿಸಲಿಗೆ ಹಾಕಿ ಹೊದಿರಿ. ಮೂರ ದಿನದಿಂದ ಉಟ್ಟ ಅರಬಿ, ಚಾದರ, ದಿಂಬಿನ ಚೀಲ, ಟವೆಲ್, ಇವನ್ನ ಮಾತ್ರ ಹಂಡೇದ ಕುದಿಯೋ ನೀರಾಗ ನೆನೆಹಾಕಿ ಒಗಿರಿ. ಅತ್ತಿಯವರ ಖೋಲಿ ದಿನಾ ಕಸಾ ಹೊಡದು ಒರಸ್ರಿ, ಉದರಿದ ಹೊಕ್ಕು ಉಳೀಬಾರದು. ಮಗಳು ಈಗ ಸ್ವಲ್ಪ ದಿನ ನಿಮ್ಮ ಕಡೆ ಮಲಗಲಿ.

ಇನ್ನೊಂದು ಗಟ್ಟಿ ನೆನಪಿಡ್ರಿ, ಹುಳ ಸತ್ತ ಮ್ಯಾಲನೂ ಎರಡರಿಂದ ನಾಕ ವಾರ ತಿಂಡಿ ಇರ್ತದ. ಸತ್ತ ಹುಳ, ತತ್ತಿ ಸಿಪ್ಪಿ ಚರ್ಮದಾಗ ಉಳದಿರ್ತಾವ. ಔಷಧ ಹತ್ತಲಿಲ್ಲ ಅಂತ ದಿನಾ ದಿನಾ ಪರ್ಮೆಥ್ರಿನ್ ಹಚ್ಚಬ್ಯಾಡ್ರಿ, ಚರ್ಮ ಒಣಗಿ ಅದಕ್ಕ ಮತ್ತ ತಿಂಡಿ ಬರ್ತದ. ಹೊಸ ಗುಳ್ಳಿ ಏಳಾಕತ್ರ ಮಾತ್ರ ತೋರಸ್ರಿ. ಮಗಳು ಕೆರಕೊಂಡ ಗಾಯದಾಗ ಕೀವು ಅದನ? ಕೀವು ಆದ ಮಕ್ಕಳಿಗೆ ಒಮ್ಮೊಮ್ಮಿ ಕಿಡ್ನಿಗೆ ಬಾವು ಬರ್ತದ. ಮುಂಜಾನಿ ಮಾರಿ ಊದಿದ್ರ, ಒಂದಕ್ಕ ಹೋಗೂದು ಚಹಾ ಬಣ್ಣಕ್ಕ ಬಂದ್ರ ತಡಾ ಮಾಡಬ್ಯಾಡ್ರಿ.

ವಾರ್ಡನ್ ವಿಜಯಪುರ
ಈ ಚರ್ಚೆ ಓದಿ ನಮ್ಮ ಹಾಸ್ಟೆಲ್ ಹುಡುಗರ ಕೈ ಎಲ್ಲಾ ನೋಡಿದೆ. ಒಂದ ಖೋಲ್ಯಾಗ ಹನ್ನೆರಡ ಹುಡುಗರು, ಒಂಬತ್ತ ಮಂದಿ ಬಳ್ಳ ಸಂದ್ಯಾಗ ಗುಳ್ಳಿ. ಒಬ್ಬನೂ ಹೇಳಿದ್ದಿಲ್ಲ. ಒಬ್ಬ ಹುಡುಗ ಫುಲ್ ತೋಳಿನ ಅಂಗಿ ಯಾಕ ಬಿಚ್ಚೂದಿಲ್ಲ ಅಂತ ನನಗ ಇವತ್ತ ಗೊತ್ತಾತು. ಸಾಲಿ ಮಕ್ಕಳ ಆರೋಗ್ಯ ತಪಾಸಣಿಗೆ ಬರೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕ ಫೋನ್ ಮಾಡೀನಿ, ಚರ್ಮದ ರೋಗ ನೋಡೂದೂ ಅವರ ಕೆಲಸದಾಗ ಅದ. ಎಲ್ಲಾ ಖೋಲಿಗೂ ಒಂದ ದಿನ ಔಷಧ ಆಗಬೇಕು, ಸೂಟಿಗೆ ಬಿಡೂಕಿಂತ ಮೊದಲ. ಸೊಸಿ ಅಕ್ಕಾರ, ನಿಮ್ಮ ಹುಡುಗನ ಹಾಸ್ಟೆಲ್‌ಗೂ ತಿಳಸ್ರಿ, ಇಲ್ಲಂದ್ರ ಬ್ಯಾಸಗಿ ಸೂಟ್ಯಾಗ ಮತ್ತ ತರ್ತಾನ.

ಮುಧೋಳದ ಸೊಸಿ
(ಐದ ವಾರದ ಮ್ಯಾಲ) ತಡಾ ಆತು ಬರಿಯಾಕ. ಅತ್ತಿಯವರ ಕೈಯಾಗಿನ ಹೊಕ್ಕು ಎಲ್ಲಾ ಉದರೇತಿ, ಒಳಗ ಗುಲಾಬಿ ಬಣ್ಣದ ಎಳೇ ಚರ್ಮ ಬಂದೈತಿ. ಮತ್ತೊಮ್ಮಿ ಕೆರದು ನೋಡಿದ್ರು, ಹುಳ ಇಲ್ಲ. ನಮ್ಮ ನಾಕೂ ಮಂದಿಗೆ ಮೂರನೇ ವಾರದತನಕ ತಿಂಡಿ ಇತ್ತು, ನರ್ಸ್ ಅಕ್ಕಾರು ಮೊದಲ ಹೇಳಿದ್ದಕ್ಕ ಹೆದರಲಿಲ್ಲ, ಈಗಿಲ್ಲ. ಕೌದಿ ವಾಪಸ್ ಕೊಟ್ಟೆ. ಮಗಳು ಮತ್ತ ಅದರಾಗ ಮಲಗ್ತಾಳ.

ನಿನ್ನಿ ಬಾಜೂ ಮನಿ ಅಕ್ಕಾಗ ಎಲ್ಲಾ ಹೇಳಿಬಿಟ್ಟೆ, ಮನಸ ಗಟ್ಟಿ ಮಾಡಿ. ಅಕಿ ಏನೂ ಅನ್ನಲಿಲ್ಲ, ಸೆರಗಿನ್ಯಾಗ ಮುಚ್ಚಿದ ಕೈ ಹೊರಗ ತಗದು ನನ್ನ ಮುಂದ ಹಿಡದ್ಲು. ಎರಡ ತಿಂಗಳಾತಂತ. ಅವರ ಮನ್ಯಾಗ ಏಳ ಮಂದಿ, ಮಗಳು ಬಾಣಂತನಕ್ಕ ಬಂದಾಳ, ಕೂಸಿಗೆ ಇನ್ನೂ 40 ದಿನ. ಕೂಸಿನ ಅಂಗಾಲಿಗೂ ಗುಳ್ಳಿ ಅದಾವು. ಅದಕ್ಕ ಏನ್ ಹಚ್ಚಬೇಕ್ರಿ?

ನರ್ಸ್ ಅಕ್ಕ ಸಿಂದಗಿ
ಎರಡ ತಿಂಗಳ ತುಂಬದ ಕೂಸಿಗೆ ಪರ್ಮೆಥ್ರಿನ್ ತಾವಾಗೇ ಹಚ್ಚಬಾರದು, ಗುಳಿಗಿ ಅಂತೂ ಇಲ್ಲವೇ ಇಲ್ಲ. ಗಂಧಕದ ಮುಲಾಮು ಬರಕೊಡ್ತಾರ, ಮೂರ ರಾತ್ರಿ ಹಚ್ಚೂದು, ಆದ್ರ ಡಾಕ್ಟರ್ ಕೂಸನ್ನ ನೋಡೇ ಹೇಳಬೇಕು. ಅಂಗೈ ಅಂಗಾಲ ಬಿಡಬಾರದು, ಕೈಗೆ ಚೀಲ ಹಾಕ್ರಿ, ಬಾಯಾಗ ಇಟಗೊಳ್ತದ. ಬಾಣಂತಿ ಪರ್ಮೆಥ್ರಿನ್ ಹಚಗೋಬೌದು, ಹಾಲ ಕುಡಸೂಕಿಂತ ಮೊದಲ ಎದಿ ತೊಳದು, ಕುಡಿಸಿದ ಮ್ಯಾಲ ಅಲ್ಲಿ ಮತ್ತ ಹಚಗೋಬೇಕು. ನಾಳೆ ಮುಂಜಾನಿ ಏಳೂ ಮಂದೀನೂ ಕರಕೊಂಡು ದವಾಖಾನಿಗೆ ಹೋಗ್ರಿ, ನೀವೂ ಜೋಡಿ ಹೋಗ್ರಿ. ಆ ಮನ್ಯಾಗ ತಿಂಡಿ ಇಲ್ಲ ಅನ್ನೋ ಹಿರ್ಯಾರು ಯಾರರ ಇದ್ರ ಮೊದಲ ಅವರ ಬಳ್ಳ ಬಿಡಿಸಿ ನೋಡ್ರಿ.